ಗುರುವಾರ ಬರಬೇಕಿದ್ದ ಬೋರ್ ಗಾಡಿ

ಗುಂಪು: ಹೊಸದುರ್ಗದ ಮನೆ

ದೊಡ್ಡಪ್ಪ: (ಫಾರ್ವರ್ಡ್ ಆದ ಚಿತ್ರ) “ಹಳ್ಳಿ ಮನೆಗಳಲ್ಲಿ ನೀರು ಪೋಲಾಗಿ ಅಂತರ್ಜಲ ಬತ್ತುತ್ತಿದೆ. ಪ್ರತಿ ನಲ್ಲಿಗೂ ಮೀಟರ್ ಹಾಕಿ.” ಎಲ್ಲರೂ ಓದಿ. ಸರಿಯಾದ ಮಾತು.

ಅತ್ತೆ: ನಮ್ಮ ಬೀದಿಗೆ ನೀರು ಬಿಟ್ಟು ಆರು ದಿನ ಆಯ್ತಣ್ಣ. ಪೋಲು ಮಾಡೋಕೆ ನೀರೆಲ್ಲಿದೆ?

ದೊಡ್ಡಪ್ಪ: ಬಿಟ್ಟ ದಿನ ನಲ್ಲಿ ತಿರುಗಿಸದೆ ಹೋಗುತ್ತಾರಲ್ಲ. ಚರಂಡಿ ತುಂಬಾ ಅದೇ ನೀರು.

ನಾನು: ನಲ್ಲಿ ನಿಲ್ಲಿಸಬೇಕು ದೊಡ್ಡಪ್ಪ, ಒಪ್ಪಿದೆ. ಆದರೆ ಲೆಕ್ಕ ನೋಡಿ. ಜಲಜೀವನ್ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಸಾವಿರ ಜನರ ಊರಿಗೆ 55 ಸಾವಿರ. ಗಂಟೆಗೆ 8 ಸಾವಿರ ಲೀಟರ್ ಎತ್ತುವ ತೋಟದ ಬೋರು 7 ಗಂಟೆ ಓಡಿದರೆ 56 ಸಾವಿರ. ಇಡೀ ಊರು ಕುಡಿದು, ಅಡುಗೆ ಮಾಡಿ, ಮಿಂದು, ಬಟ್ಟೆ ಒಗೆಯುವ ನೀರು ಒಂದೇ ಬೋರಿನಲ್ಲಿ ಹೋಯ್ತು. ಚಿತ್ರದಲ್ಲಿ ಇದು ಎಲ್ಲಿದೆ?

ಅಕ್ಕ: ದೇಶದಲ್ಲಿ ನೆಲದಿಂದ ಎತ್ತುವ ನೀರಿನಲ್ಲಿ ನೂರಕ್ಕೆ 85ಕ್ಕೂ ಜಾಸ್ತಿ ಹೊಲ ತೋಟಕ್ಕೇ ಹೋಗುತ್ತದೆ.

ದೊಡ್ಡಪ್ಪ: ತೋಟ ಒಣಗಿದ್ದರೆ ನೀವಿಬ್ಬರೂ ಓದುತ್ತಿದ್ದಿರಾ? ವೇದಾವತಿ ಹೊಳೆಯಲ್ಲಿ ನೀರಿಲ್ಲ ಅಂತಲೂ ಹೇಳಬೇಡಿ. 2022ರಲ್ಲಿ ಅದರ ಮಾರಿಕಣಿವೆ ಅಣೆಕಟ್ಟೇ ಕೋಡಿ ಬಿತ್ತು. 1933ರ ಮೇಲೆ ಅದೇ ಮೊದಲು.

ನಾನು: ಓದಿಸಿದ್ದು ಆ ಅಡಿಕೆಯೇ, ಮರೆತಿಲ್ಲ. ಆದರೆ ನಮ್ಮೂರು ಮಾರಿಕಣಿವೆಗಿಂತ ಮೇಲಿದೆ. ಅಲ್ಲಿ ನಿಂತ ನೀರು ನಮ್ಮ ಬೋರಿಗೆ ಹತ್ತಿ ಬರುವುದಿಲ್ಲ. ನಮಗೆ ಬಂಡೆಯ ಬಿರುಕಿನಲ್ಲಿ ಇಳಿದಷ್ಟೇ ನೀರು. ಸುತ್ತ ಆಳದ ಬೋರು ಬಿದ್ದರೆ ಪಂಚಾಯ್ತಿ ಬೋರು ಒಣಗುತ್ತದೆ. ತೋಟದವರು ಇನ್ನೊಂದು ಕೊರೆಸುತ್ತಾರೆ. ತೋಟವೇ ಇಲ್ಲದವರು ಬಿಂದಿಗೆ ಹಿಡಿದು ನಿಲ್ಲಬೇಕು.

ಅತ್ತೆ: ಆಳದಿಂದ ಬರೋದು ಫ್ಲೋರೈಡ್ ನೀರು. ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತರ್ತೀವಿ. ಅದು ಕುಡಿಯೋಕೆ ಮಾತ್ರ. ದನಕ್ಕೆ ಏನು ಕೊಡೋದು?

ನಾನು: 1999ರಲ್ಲೇ ಕರ್ನಾಟಕ ಕಾನೂನು ಮಾಡಿದೆ. ಊರಿನ ಕುಡಿಯುವ ನೀರಿನ ಬೋರಿಗೆ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಹೊಸ ಬೋರು ಕೊರೆಸುವಂತಿಲ್ಲ. ಗುರುವಾರ ನೀವು ಕೊರೆಸುವ ಜಾಗ ಅಷ್ಟು ದೂರ ಇದೆಯಾ?

ದೊಡ್ಡಪ್ಪ: ಎಲ್ಲರೂ ಕೊರೆಸಿದ್ದಾರೆ. ನನ್ನೊಬ್ಬನನ್ನೇ ಯಾಕೆ ಕೇಳುತ್ತೀಯ?

ನಾನು: ನೀವು ನಮ್ಮವರು ಅಂತ. ಅತ್ತೆ ಮನೆಗೆ ಬರೋದೂ ಅದೇ ಪಂಚಾಯ್ತಿ ಬೋರಿನ ನೀರು.

ದೊಡ್ಡಪ್ಪ: ಗಾಡಿಯವರಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಹೋದ ವರ್ಷ ಕೊರೆಸಿದ್ದು ಫೇಲಾಯ್ತು. 200 ಗಿಡ ನನ್ನ ಕಣ್ಣೆದುರು ಸುಳಿ ಒಣಗಿಸಿಕೊಂಡು ನಿಂತಿವೆ. ಅದನ್ನೂ ಬಂದು ನೋಡು.

ಅತ್ತೆ: ಗಾಡಿ ಒಂದು ವಾರ ಮುಂದಕ್ಕೆ ಹಾಕಣ್ಣ. ನಾನು ಬೇಡ ಅಂತಿಲ್ಲ, ಅಳೆದು ನೋಡಿ.

ದೊಡ್ಡಪ್ಪ: ಭಾನುವಾರ ಎಲ್ಲರೂ ಬನ್ನಿ. ಪಂಚಾಯ್ತಿ ಬೋರಿನಿಂದ ಟೇಪು ಹಿಡಿದು ಅಳೆಯೋಣ. ಗಾಡಿಯವರಿಗೆ ಈಗಲೇ ಫೋನ್ ಮಾಡುತ್ತೇನೆ. ನಲ್ಲಿಗೆ ಮೀಟರ್ ಬೇಕು ಅನ್ನೋದು ಮಾತ್ರ ನಾನು ಬಿಡಲ್ಲ.

ನಾನು: ಆಯ್ತು. ತೋಟದ ಬೋರಿಗೂ ಒಂದು ಹಾಕಿ.