ಸಮಿತಿಯ ‘ವಿವೇಚನೆ’ಯೋ ‘ಮರ್ಜಿ’ಯೋ?

ತೀರ್ಥಹಳ್ಳಿ ಕಡೆಯ ಸಮುದಾಯ ಭವನದ ಫಲಕಕ್ಕೆ ‘ಡಿಸ್ಕ್ರೆಷನ್’ (discretion) ಎಂಬುದರ ಕನ್ನಡ ಸೋಮವಾರದೊಳಗೆ ಬೇಕೆಂದು ಕೇಳಿದ್ದೀರಿ. ‘ಮುಂಗಡ ಹಿಂದಿರುಗಿಸುವುದು ಸಮಿತಿಯ ವಿವೇಚನೆಗೆ ಬಿಟ್ಟದ್ದು’ ಎಂಬ ನಿಮ್ಮ ಕರಡಿನಲ್ಲಿರುವ ಪದವನ್ನು ದಯವಿಟ್ಟು ಬದಲಿಸಬೇಡಿ. ‘ವಿವೇಚನೆ’ ಸಂಸ್ಕೃತ, ಅದನ್ನು ಕಿತ್ತು ‘ಮರ್ಜಿ’ ಹಾಕಿ ಎಂದ ಮಿತ್ರರ ಸಲಹೆಯನ್ನು ನಾನು ಒಪ್ಪಲಾರೆ. ‘ಮರ್ಜಿ’ ಅರಬ್ಬಿಯಿಂದ ಫಾರಸಿಯ ಮೂಲಕ ಬಂದ ಪದವಾದ್ದರಿಂದ ಎರವಲಿನ ಆಕ್ಷೇಪಣೆ ಅಲ್ಲಿಗೇ ಮುಗಿಯಿತು.

ನನ್ನ ತಕರಾರು ಅರ್ಥದ್ದು. ಸಂಸ್ಕೃತ ಕ್ರಿಯಾಮೂಲಗಳ ಪಟ್ಟಿಯಾದ ಧಾತುಪಾಠದಲ್ಲಿ ‘ವಿಚಿರ್ ಪೃಥಗ್ಭಾವೇ’ ಎಂದಿದೆ, ಅಂದರೆ ‘ವಿಚ್’ ಧಾತುವಿಗೆ ಬೇರ್ಪಡಿಸುವುದು ಎಂಬ ಅರ್ಥ. ವಿವೇಕ, ವಿವೇಚನೆ ಎರಡೂ ಈ ಬೇರ್ಪಡಿಸುವ ಧಾತುವಿನಿಂದಲೇ ಹುಟ್ಟಿದವು. ಇಂಗ್ಲಿಷ್ ಪದದ ಲ್ಯಾಟಿನ್ ಮೂಲಕ್ಕೂ ಜರಡಿ ಹಿಡಿದು ಬೇರ್ಪಡಿಸುವ ಅರ್ಥವೇ ಇದೆ. ನಮ್ಮ ಅಂಗಳದಲ್ಲಿ ಅಡಿಕೆ ಆರಿಸಲು ಕೂತ ಹೆಂಗಸರು ಒಂದೊಂದನ್ನೂ ಬೆರಳಲ್ಲಿ ಹೊರಳಿಸಿ ನೋಡಿ, ಮೇಲಿನ ದರ್ಜೆಯ ಬೆಟ್ಟೆಯನ್ನು ಒಂದು ಬುಟ್ಟಿಗೆ, ಕೆಳದರ್ಜೆಯ ಗೊರಬಲನ್ನು ಇನ್ನೊಂದಕ್ಕೆ ಹಾಕುತ್ತಾರೆ. ಯಾವುದು ಎಲ್ಲಿಗೆ ಎಂಬುದನ್ನು ಮನೆಯವರು ಪೂರ್ತಿ ಅವರಿಗೇ ಬಿಟ್ಟಿರುತ್ತಾರೆ, ಆದರೆ ಗೊರಬಲು ಬೆಟ್ಟೆಗೆ ಸೇರಿದ್ದರೆ ಮಂಡಿಯಲ್ಲಿ ಚೀಲ ಬಿಚ್ಚಿದ ಕ್ಷಣವೇ ಗೊತ್ತಾಗುತ್ತದೆ. ವಿವೇಚನೆಯೂ ಹಾಗೆ ಕೈಗೆ ಬಿಟ್ಟ ಕೆಲಸ. ಕೇಳಿದಾಗ ಕಾರಣ ಹೇಳಲೇಬೇಕು. ಮರ್ಜಿಗೆ ಆ ಹಂಗಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 1891ರಲ್ಲಿ ಇಂಗ್ಲೆಂಡಿನ ಶಾರ್ಪ್ ಮತ್ತು ವೇಕ್‌ಫೀಲ್ಡ್ ಮೊಕದ್ದಮೆಯಲ್ಲಿ ಮದ್ಯದ ಪರವಾನಗಿ ನವೀಕರಣದ ಪ್ರಶ್ನೆ ಬಂದಾಗ, ವಿವೇಚನೆಯನ್ನು ಖಾಸಗಿ ಅಭಿಪ್ರಾಯದಂತೆ ನಡೆಸದೆ ಯುಕ್ತಿ ಮತ್ತು ನ್ಯಾಯದ ನಿಯಮಗಳಂತೆ ನಡೆಸಬೇಕೆಂದು ಲಾರ್ಡ್ ಹಾಲ್ಸ್‌ಬರಿ ತೀರ್ಮಾನಿಸಿದರು. ನಮ್ಮ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 20ನೇ ಪ್ರಕರಣವೂ, 2018ರಲ್ಲಿ ತಿದ್ದುಪಡಿಯಾಗುವವರೆಗೆ, ನ್ಯಾಯಾಲಯದ ವಿವೇಚನೆ ಮನಬಂದಂತೆ ಇರಕೂಡದೆಂದು ಬಿಡಿಸಿ ಹೇಳುತ್ತಿತ್ತು. ‘ಮರ್ಜಿ’ಗೆ ಹತ್ತಿರವಾದದ್ದು ಸಂವಿಧಾನದ 310ನೇ ಅನುಚ್ಛೇದದಲ್ಲಿದೆ; ಸರ್ಕಾರಿ ನೌಕರರು ರಾಷ್ಟ್ರಪತಿಯವರ ಅಥವಾ ರಾಜ್ಯಪಾಲರ ಇಷ್ಟವಿರುವಷ್ಟು ಕಾಲ ಹುದ್ದೆಯಲ್ಲಿರುತ್ತಾರೆ ಎಂಬ ಆ ಮಾತಿಗೆ ಇಂಗ್ಲಿಷಿನಲ್ಲಿ ‘ಪ್ಲೆಷರ್’ ಎಂಬ ಬೇರೆಯೇ ಪದವಿದೆ. ಎರಡನ್ನೂ ಒಂದೇ ಪದದಲ್ಲಿ ತುಂಬುವುದು ಕನ್ನಡದ ಸೇವೆ ಎಂದು ನನಗೆ ಅನ್ನಿಸುವುದಿಲ್ಲ.

ಗುಟ್ಟು ಕಾಯುವ ಗುಣಕ್ಕೂ ಇಂಗ್ಲಿಷರು ‘ಡಿಸ್ಕ್ರೆಷನ್’ ಪದವನ್ನೇ ಬಳಸುತ್ತಾರೆ. ಅಲ್ಲಿ ವಿವೇಚನೆ ಒಗ್ಗದು. ‘ಅವರ ಬಾಯಲ್ಲಿ ಮಾತು ನಿಲ್ಲುತ್ತದೆ’ ಎಂದರೆ ಸಾಕು.

ಫಲಕಕ್ಕೆ ಹೀಗೆ ಬರೆಸಿ: ‘ಕಾರಣಗಳನ್ನು ಪರಿಶೀಲಿಸಿ ಮುಂಗಡ ಹಿಂದಿರುಗಿಸುವ ತೀರ್ಮಾನವು ಸಮಿತಿಯ ವಿವೇಚನೆಗೆ ಸೇರಿದೆ.’ ‘ವಿವೇಚನಾಧಿಕಾರ’ ಎಂದು ಉದ್ದ ಮಾಡುವುದು ಬೇಡ. ಬರೆಯುವವರು ‘ವಿವೇಚನೆ’ಯನ್ನು ‘ವಿವೇಚನ್ನೆ’ ಮಾಡದಂತೆ ಮಾತ್ರ ಒಮ್ಮೆ ನೋಡಿಕೊಳ್ಳಿ.