‘ರಚನಾತ್ಮಕ ಒಟ್ಟು ನಷ್ಟ’: ಇದಕ್ಕೆ ಕನ್ನಡ ಹೇಳಿ

ಎಲ್ಲರಿಗೂ ನಮಸ್ಕಾರ.

ಕಾರಟಗಿಯಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಅರ್ಜಿ, ತಕರಾರು, ಬಾಡಿಗೆ ಕರಾರು, ಲಗ್ನಪತ್ರಿಕೆ ಏನೇ ಇರಲಿ, ದಿನವಿಡೀ ಕನ್ನಡ ಕುಟ್ಟುವುದೇ ಕೆಲಸ. ಹೋದ ತಿಂಗಳು ನಮ್ಮ ಸೋದರಮಾವ ಕಾರಿನ ವಿಮಾ ಕಂಪನಿಯ ಕಾಗದ ಹಿಡಿದು ಬಂದರು. ‘ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್’ ಎಂದಿದ್ದ ಇಂಗ್ಲಿಷ್ ಪತ್ರ, ಅದಕ್ಕೆ ಪಿನ್ ಹೊಡೆದ ಕನ್ನಡದ ಹಾಳೆ. ಯಂತ್ರಕ್ಕೆ ಹಾಕಿ ತೆಗೆದ ಕನ್ನಡವೇ ಇರಬೇಕು: “ತಮ್ಮ ವಾಹನವು ರಚನಾತ್ಮಕ ಒಟ್ಟು ನಷ್ಟವಾಗಿರುವುದರಿಂದ ಅವಶೇಷದ ನಿವ್ವಳ ಆಧಾರದ ಮೇಲೆ ಇತ್ಯರ್ಥಪಡಿಸಲಾಗುವುದು.”

ಮಾವ ಕೇಳಿದರು: “ಟೀಕೆ ರಚನಾತ್ಮಕ ಇರಬೇಕು ಅಂತ ಭಾಷಣದಾಗ ಹೇಳ್ತಾರ. ನಷ್ಟದಾಗೂ ಹಂಗ ಚಲೋದು ಇರ್ತೈತೇನೋ ಅಳಿಯಾ?”

ನಗು ಬಂತು. ಆದರೆ ಉತ್ತರ ಬರಲಿಲ್ಲ.

ನಡೆದದ್ದು ಇಷ್ಟು. ರಾತ್ರಿ ಎದುರಿಗೆ ಬಂದ ಭತ್ತದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಕಾರು ತುಂಗಭದ್ರಾ ಎಡದಂಡೆ ಕಾಲುವೆಗೆ ಇಳಿಯಿತು. ಮಾವ ಕಿಟಕಿಯಿಂದ ಈಚೆ ಬಂದರು. ಕಾರು ಬೆಳತನಕ ನೀರಿನಲ್ಲೇ ಇತ್ತು. ಕ್ರೇನಿನಲ್ಲಿ ಎತ್ತಿದಾಗ ನಾನೂ ಹೋಗಿದ್ದೆ. ಒಂದು ಗಾಜು ಒಡೆದಿಲ್ಲ, ಬಣ್ಣ ಕಿತ್ತಿಲ್ಲ. ಡ್ಯಾಶ್‌ಬೋರ್ಡಿನ ಡಬ್ಬಿ ಎಳೆದರೆ ಮಾತ್ರ ಕೈ ತುಂಬ ಮೆತ್ತನೆಯ ಹೂಳು, ಅದರೊಳಗೆ ನೆನೆದು ಮುದ್ದೆಯಾದ ಪಾಲಿಸಿ. ಗಂಗಾವತಿ ಗ್ಯಾರೇಜಿನ ಮಿಸ್ತ್ರಿ ಬಾನೆಟ್ ಎತ್ತಿದ, ಡಿಪ್‌ಸ್ಟಿಕ್ ಎಳೆದು ಹಾಲು ಹಾಕಿದ ಚಹಾದಂತಿದ್ದ ಆಯಿಲ್ ತೋರಿಸಿದ. “ಯಜಮಾನ್ರ, ಇಂಜಿನ್, ವೈರಿಂಗ್, ಇಸಿಎಂ ಎಲ್ಲಾದಕ್ಕೂ ನೀರು ಹೊಕ್ಕೈತಿ. ಗಾಡಿ ಹೋದಂಗ ಲೆಕ್ಕ” ಅಂದ.

ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ‘ಒಟ್ಟು’. ಕನ್ನಡದ ಕಿವಿಗೆ ‘ಒಟ್ಟು ನಷ್ಟ’ ಎಂದರೆ ಕೂಡಿಸಿ ಬಂದ ಮೊತ್ತ. ‘ಒಟ್ಟು ಖರ್ಚು’, ‘ಒಟ್ಟು ಮಳೆ’ ಇದ್ದ ಹಾಗೆ. ಮಾವ ಹಾಗೆಯೇ ತಿಳಿದು ಚೀಟಿಯಲ್ಲಿ ಲೆಕ್ಕ ಬರೆದುಕೊಂಡು ಬಂದಿದ್ದರು: ಕಾರಿನ ದುಡ್ಡು, ಕ್ರೇನಿಗೆ 6,000, ಓಡಾಟದ ಬಾಡಿಗೆ, ಮೈಕೈ ನೋವಿಗೆ ತೋರಿಸಿದ ಡಾಕ್ಟರ ಫೀಸು. ‘ಒಟ್ಟು ನಷ್ಟ ಕೊಡ್ತೀವಿ ಅಂತ ಬರದಾರಲ್ಲ’ ಎಂಬುದು ಅವರ ವಾದ. ಇದ್ದದ್ದನ್ನು ಹೇಳಬೇಕಾಯಿತು. ಖಾಸಗಿ ಕಾರನ್ನು ಎತ್ತಿ ಗ್ಯಾರೇಜಿಗೆ ಸೇರಿಸುವ ಖರ್ಚಿಗೆ ಮಾಮೂಲಿ ಪಾಲಿಸಿ ಕೊಡುವುದು 1,500ರ ತನಕ, ಉಳಿದವು ಅದರಲ್ಲಿ ಸೇರುವುದೇ ಇಲ್ಲ. ‘ಪೂರ್ಣ ನಷ್ಟ’ ಎಂದಿದ್ದರೆ ಈ ಗೊಂದಲ ಅರ್ಧ ಇಳಿಯುತ್ತಿತ್ತು.

ಅರ್ಧ ಮಾತ್ರ. ಏಕೆಂದರೆ ‘ನಷ್ಟ’ವೇ ನಮ್ಮಲ್ಲಿ ದಾರಿ ಬದಲಿಸಿದೆ. ಸಂಸ್ಕೃತದಲ್ಲಿ ನಷ್ಟ ಎಂದರೆ ಕಳೆದುಹೋದದ್ದು, ನಾಶವಾದದ್ದು. ಕನ್ನಡದಲ್ಲಿ ಅದು ಲಾಭದ ಎದುರಿಗೆ ಕುಳಿತು ದುಡ್ಡಿನ ಮಾತಾಯಿತು. ‘ಬೆಳೆ ನಷ್ಟ’ದಲ್ಲಿ ಮಾತ್ರ ಹಳೆಯ ಅರ್ಥ ಒಂದಿಷ್ಟು ಉಳಿದಿದೆ. ಹಾಗಾಗಿ ‘ವಾಹನ ನಷ್ಟವಾಗಿದೆ’ ಎಂದರೆ ಯಾರೂ ‘ವಾಹನ ಹೋಯಿತು’ ಎಂದು ತಿಳಿಯುವುದಿಲ್ಲ. ನಮ್ಮ ಕಡೆ ನಿಜಾಮರ ಕಾಲದಿಂದ ಬಂದ ಉರ್ದು ಮಾತುಗಳೇ ಇಲ್ಲಿ ಹೆಚ್ಚು ಖಚಿತ. ದುಡ್ಡು ಹೋದರೆ ಲುಕ್ಸಾನ, ವಸ್ತುವಿಗೆ ಪೆಟ್ಟಾದರೆ ಜಖಂ. ಪೇಪರಿನವರ ‘ನುಜ್ಜುಗುಜ್ಜು’ ಇಲ್ಲಿ ಆಗದು, ಮಾವನ ಕಾರು ಈಗಲೂ ಮದುವೆಗೆ ಹೊರಟಂತೆ ನಿಂತಿದೆ.

ಇನ್ನು ‘ರಚನಾತ್ಮಕ’. ಇದು ತಪ್ಪು ಅನುವಾದ ಎನ್ನಲು ನನಗೆ ಅನುಮಾನವಿಲ್ಲ. ಕಾನೂನಿನಲ್ಲಿ ‘ಕನ್‌ಸ್ಟ್ರಕ್ಟಿವ್’ ಎಂಬ ಇಂಗ್ಲಿಷ್ ಮಾತಿಗೆ ‘ನಿಜವಾಗಿ ಹಾಗಿಲ್ಲದಿದ್ದರೂ ಹಾಗೆಂದೇ ತಿಳಿಯುವುದು’ ಎಂದು ಅರ್ಥ. ನಿಯಮ ಹೀಗಿದೆ: ರಿಪೇರಿ ಖರ್ಚು, ಗಾಡಿಯನ್ನು ಎತ್ತಿ ತರುವ ಖರ್ಚು ಸೇರಿ ಐಡಿವಿಯ (ಇನ್ಶೂರ್ಡ್ಸ್ ಡಿಕ್ಲೇರ್ಡ್ ವ್ಯಾಲ್ಯೂ, ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) 75% ದಾಟಿದರೆ, ಗಾಡಿ ಕಣ್ಣೆದುರಿಗಿದ್ದರೂ ಪೂರ್ತಿ ಹೋಯಿತೆಂದೇ ಲೆಕ್ಕ. ಮಾವನ ಕಾರಿನ ಐಡಿವಿ 4,20,000. ಅದರ ಮುಕ್ಕಾಲು 3,15,000. ಗ್ಯಾರೇಜಿನ ಅಂದಾಜು 3,46,000. ‘ಡೀಮ್ಡ್’ ಅರಣ್ಯಕ್ಕೆ ಪತ್ರಿಕೆಗಳಲ್ಲಿ ‘ಪರಿಭಾವಿತ ಅರಣ್ಯ’ ಎಂದು ಬರುತ್ತದೆ. ಆ ಜಾಡಿನಲ್ಲಿ ‘ಪರಿಭಾವಿತ ಪೂರ್ಣ ನಷ್ಟ’ ಎನ್ನಬಹುದು. ಅರ್ಥ ಸರಿ. ಆದರೆ ಮಾವನಿಗೆ ಓದಿ ಹೇಳಿದರೆ “ಇದಕ್ಕಿಂತ ಇಂಗ್ಲಿಷ್ ಚಲೋ” ಅನ್ನುತ್ತಾರೆ.

ಜಗಳ ಬಿಗಿಯಾದದ್ದು ಇವೆರಡಕ್ಕೂ ಅಲ್ಲ, ‘ಅಂತೆ’ ಎಂಬ ಪುಟ್ಟ ಪ್ರತ್ಯಯಕ್ಕೆ. ಐಡಿವಿ ಪಾಲಿಸಿ ಶುರುವಾಗುವಾಗಲೇ ನಿಗದಿಯಾಗುವ ಬೆಲೆ. ಕಾರಿನ ಪಟ್ಟಿ ಬೆಲೆ 6,00,000, ಎರಡು ವರ್ಷ ದಾಟಿ ಮೂರು ತುಂಬದ ಗಾಡಿಗೆ ಸವಕಳಿ 30%. ಹಾಗೆ ಬಂದದ್ದು 4,20,000. ಕಂಪನಿ ಹೇಳಿತು: ಇವತ್ತು ಇಂಥ ಕಾರು ಪೇಟೆಯಲ್ಲಿ 3,50,000ಕ್ಕೆ ಸಿಗುತ್ತದೆ, ಅಷ್ಟೇ ಹಿಡಿಯುತ್ತೇವೆ. ಕನ್ನಡದ ಹಾಳೆಯಲ್ಲಿ “ಐಡಿವಿಯನ್ನು ಮಾರುಕಟ್ಟೆ ಮೌಲ್ಯದಂತೆ ಪರಿಗಣಿಸಲಾಗುವುದು” ಎಂದಿತ್ತು. ಫೋನಿನಲ್ಲಿದ್ದ ಹುಡುಗ ಅದನ್ನೇ ಓದಿದ, “ನೋಡ್ರಿ, ಮಾರುಕಟ್ಟೆ ಮೌಲ್ಯದಂತೆ ಅಂತ ನಿಮ್ಮ ಕನ್ನಡದಾಗ ಐತಿ.”

‘ಆದೇಶದಂತೆ’ ಎಂದರೆ ಆದೇಶದ ಪ್ರಕಾರ. ‘ಹುಲಿಯಂತೆ’ ಎಂದರೆ ಹುಲಿಯ ಹಾಗೆ. ‘ಮೌಲ್ಯದಂತೆ’ ಯಾವುದು? ಇಂಗ್ಲಿಷ್ ಮೂಲದಲ್ಲಿ ಈ ಇಬ್ಬಂದಿ ಇಲ್ಲ. ಅದನ್ನು ನಾನು ಹೀಗೆ ಕನ್ನಡಿಸಿದೆ: “ಪೂರ್ಣ ನಷ್ಟದ ಕ್ಲೇಮುಗಳಿಗೆ, ಪಾಲಿಸಿ ಅವಧಿಯುದ್ದಕ್ಕೂ, ಮತ್ತೆ ಸವಕಳಿ ಕಳೆಯದೆ, ಐಡಿವಿಯೇ ಮಾರುಕಟ್ಟೆ ಬೆಲೆ ಎಂದು ಭಾವಿಸತಕ್ಕದ್ದು.” ಇವತ್ತಿನ ಪೇಟೆ ಬೆಲೆ ಕೇಳುವ ಮಾತೇ ಅಲ್ಲಿಲ್ಲ. 70,000 ರೂಪಾಯಿ ನಿಂತಿರುವುದು ಒಂದು ‘ಅಂತೆ’ಯ ಮೇಲೆ! ನಮ್ಮ ಕಾನೂನು ಕನ್ನಡದ ‘ತಕ್ಕದ್ದು’ವನ್ನು ಹಿಂದೆ ಬಹಳ ಗೇಲಿ ಮಾಡಿದವನು ನಾನು. ಈಗ ಬಾಯಿ ಮುಚ್ಚಿಕೊಂಡಿದ್ದೇನೆ.

ಐಡಿವಿಯ ಕನ್ನಡವೂ ಎಡವಟ್ಟೇ. ಹಾಳೆಯಲ್ಲಿ ‘ವಿಮಾದಾರರ ಘೋಷಿತ ಮೌಲ್ಯ’ ಎಂದಿದೆ. ವಿಮಾದಾರ ಯಾರು, ವಿಮೆ ಕೊಡುವವನೋ ಮಾಡಿಸಿದವನೋ? ‘ಸಾಲಗಾರ’ದ ರೋಗವೇ ಇದಕ್ಕೂ ಅಂಟಿದೆ. ಸಾಲ ತಗೊಂಡವನೂ ಸಾಲಗಾರ, ‘ಸಾಲಗಾರರ ಕಾಟ’ ಅಂದಾಗ ಕೊಟ್ಟವನೂ ಸಾಲಗಾರ. ‘ವಿಮಾ ಕಂಪನಿ’, ‘ವಿಮೆ ಮಾಡಿಸಿದವರು’ ಎಂದು ಬಿಡಿಸಿ ಬರೆಯುವುದೇ ಕ್ಷೇಮ.

‘ಅವಶೇಷ’ ಬೇಡವೇ ಬೇಡ. ಆನೆಗೊಂದಿ ಪಕ್ಕದಲ್ಲಿರುವ ನಮಗೆ ಅವಶೇಷ ಅಂದರೆ ಕಲ್ಲಿನ ಕಂಬ. ‘ಗುಜರಿ ಬೆಲೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಗುಜರಿ ಬೆಲೆ 1,30,000 ಎಂದು ಕಂಪನಿಯೇ ಹಿಡಿದಿದೆ. ಗಾಡಿ ಮಾವನೇ ಇಟ್ಟುಕೊಂಡರೆ ಅದನ್ನೂ, ಸಣ್ಣ ಕಾರಿಗೆ ಕಡ್ಡಾಯವಾಗಿ ಕಳೆಯುವ 1,000ವನ್ನೂ ಕಳೆದು 2,89,000 ಬರಬೇಕು. ಕಂಪನಿಗೆ ಒಪ್ಪಿಸಿದರೆ 4,19,000. 3,50,000ದಿಂದ ಇವೆರಡನ್ನೂ ಕಳೆದು ಕಂಪನಿ ಬರೆದಿರುವುದು 2,19,000.

ತಕರಾರು ಕೊಟ್ಟು ತಿಂಗಳು ದಾಟಿದೆ, ಕಂಪನಿಯಿಂದ ಉತ್ತರವಿಲ್ಲ. ಇನ್ನು ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಬೆಂಗಳೂರಿನ ವಿಮಾ ಲೋಕಪಾಲರಿಗೆ ಬರೆಯಬೇಕು. ಅಲ್ಲಿ ಫೀಸು ಇಲ್ಲ, ವಕೀಲರೂ ಬೇಡ. ಲೋಕಾಯುಕ್ತ ಬೇರೆ, ಇದು ಬೇರೆ ಎಂದು ಮಾವನಿಗೆ ತಿಳಿಸುವುದರಲ್ಲೇ ಒಂದು ಮಧ್ಯಾಹ್ನ ಹೋಯಿತು.

ಈಗ ನನ್ನ ಪ್ರಶ್ನೆ. ಮಿಸ್ತ್ರಿಯ ‘ಹೋದಂಗ ಲೆಕ್ಕ’ದಲ್ಲಿ ಆ ಇಂಗ್ಲಿಷ್ ಪದದ ಅರ್ಥ ಪೂರ್ತಿ ಇದೆ ಎಂದು ನನಗೆ ಅನ್ನಿಸುತ್ತದೆ. ಹೋಗಿಲ್ಲ, ಹೋದ ಹಾಗೆ. ಜೊತೆಗೆ ‘ಲೆಕ್ಕ’ದಲ್ಲಿ ಎಣಿಕೆಯೂ ಇದೆ, ಭಾವಿಸುವುದೂ ಇದೆ. ಇದನ್ನು ಬರಹಕ್ಕೆ ತಂದು ‘ಹೋದ ಲೆಕ್ಕದ ವಾಹನ’ ಎಂದರೆ ನಡೆದೀತೇ? ಮೈಸೂರು, ಮಂಗಳೂರು ಕಡೆಯವರಿಗೆ ಒಗ್ಗುತ್ತದೆಯೇ? ಅಥವಾ ಗ್ಯಾರೇಜಿನವರ ‘ಟೋಟಲ್ ಲಾಸ್’ ಅನ್ನೇ ಕನ್ನಡ ಎಂದು ಒಪ್ಪಿಕೊಂಡುಬಿಡೋಣವೇ? ಬಳ್ಳಾರಿ, ರಾಯಚೂರು ಕಡೆ ಬೇರೆ ಮಾತು ಕೇಳಿದ್ದರೆ ಅದನ್ನೂ ತಿಳಿಸಿ.

ದೂರು ಸೋಮವಾರ ಪೋಸ್ಟಿಗೆ ಹಾಕಬೇಕು. ‘ವಿಷಯ’ ಎಂಬ ಸಾಲನ್ನು ಖಾಲಿ ಬಿಟ್ಟುಕೊಂಡು ಕೂತಿದ್ದೇನೆ.