ಪದಚರ್ಚೆ: ಮಾದರಿ ವಿಮಾನದ ‘ಅಪ್‌ಡೇಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಪದ ಬೇಕಾಗಿದೆ. ಅದರ ಜೊತೆಗೆ ಇನ್ನೂ ಒಂದೆರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯವೂ ಬೇಕು.

ನಾನು ಬಿಡುವಿನಲ್ಲಿ ವಿಮಾನಗಳ ಮಾದರಿ ಕಟ್ಟುತ್ತೇನೆ. ಈಗ ಕೈಯಲ್ಲಿರುವುದು ಎಚ್‌ಎಫ್-24 ಮಾರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಯುದ್ಧವಿಮಾನ ಅದು. 1961ರ ಜೂನ್ 17ರಂದು ಮೊದಲ ಸಲ ಹಾರಿತು. ಆವತ್ತು ಹಾರಿಸಿದವರು ಸುರಂಜನ್ ದಾಸ್. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಲ್ಲಿ ದಿನಾ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳುವವರು ನಮ್ಮಲ್ಲೂ ಇರಬಹುದು. ಕೆಲಸ ಸ್ವಲ್ಪ ಮುಂದೆ ಹೋದಾಗಲೆಲ್ಲ ಫೋಟೋ ತೆಗೆದು, ನಾಲ್ಕು ಸಾಲು ಬರೆದು ಹಾಕುವುದು ರೂಢಿ. ನೋಡುವವರಲ್ಲಿ ಕನ್ನಡದವರೇ ಜಾಸ್ತಿ. ಒಳಗಿನ ಬರಹವೆಲ್ಲ ಕನ್ನಡ. ತಲೆಬರಹ ಮಾತ್ರ ‘ಬಿಲ್ಡ್ ಅಪ್‌ಡೇಟ್’, ಅಥವಾ ‘ವರ್ಕ್ ಇನ್ ಪ್ರೋಗ್ರೆಸ್’. ಇದಕ್ಕೇನು ಮಾಡೋಣ?

‘ಪ್ರಗತಿ’ ಅಂತ ಬರೆದು ನೋಡಿದೆ. ಜಿಲ್ಲಾ ಪಂಚಾಯತಿಯ ಪ್ರಗತಿ ಪರಿಶೀಲನಾ ಸಭೆಗೆ ಹೋಗಿ ಕೂತಂತಾಯಿತು. ‘ಕಾಮಗಾರಿ ಪ್ರಗತಿಯಲ್ಲಿದೆ’ ಅನ್ನುವ ಬೋರ್ಡು ನೆಟ್ಟ ಕಡೆ ಕಾಮಗಾರಿಯೇನೋ ಇರುತ್ತದೆ, ಪ್ರಗತಿಯ ವಿಚಾರ ನಿಮಗೇ ಗೊತ್ತು. ‘ಮುನ್ನಡೆ’ ಒಳ್ಳೆಯ ಪದ, ಆದರೆ ಟಿವಿಯವರು ಅದನ್ನು ಮತ ಎಣಿಕೆಗೆ ಬರೆದುಕೊಟ್ಟಾಗಿದೆ. ‘ಮಾರುತ್ ಮುನ್ನಡೆ’ ಅಂದರೆ ಎದುರಾಳಿ ಯಾರು ಅಂತ ಕೇಳುತ್ತಾರೆ. ‘ನವೀಕರಣ’ ಅಂದರೆ ಲೈಸೆನ್ಸು, ಇಲ್ಲವೇ ಹಳೇ ಬಸ್ ನಿಲ್ದಾಣ. ನನ್ನ ವಿಮಾನ ಇನ್ನೂ ಪೂರ್ತಿ ಹುಟ್ಟೇ ಇಲ್ಲ, ಅದನ್ನು ನವೀಕರಿಸುವುದು ಹೇಗೆ? ‘ಇಂದೀಕರಣ’ ಕಂಪ್ಯೂಟರಿನ ಮಟ್ಟಿಗೆ ಚೆನ್ನಾಗಿ ಕೂತಿದೆ, ಅಲ್ಲೇ ಇರಲಿ.

ಸ್ವಲ್ಪ ಯೋಚಿಸಿದರೆ, ನಾವು ಹುಡುಕುತ್ತಿರುವುದು ನಾಮಪದವನ್ನು, ಕನ್ನಡ ಈ ಕೆಲಸ ಮಾಡುವುದು ಕ್ರಿಯಾಪದದಲ್ಲಿ. ಮನೆ ಕಟ್ಟಿಸುವವರನ್ನು ‘ನಿಮ್ಮ ಮನೆಯ ಪ್ರಗತಿ ಹೇಗಿದೆ’ ಅಂತ ಯಾರು ಕೇಳುತ್ತಾರೆ? ‘ಮನೆ ಎಲ್ಲಿಗೆ ಬಂತು?’ ಅಷ್ಟೇ ಅಲ್ವಾ. ಉತ್ತರವೂ ಹಾಗೇ ಬರುತ್ತದೆ: ‘ಪಾಯ ಮೇಲೆ ಬಂತು’, ‘ಲಿಂಟಲ್ ಮಟ್ಟಕ್ಕೆ ಬಂತು’, ‘ಮೋಲ್ಡ್ ಹಾಕಿಯಾಯ್ತು’, ‘ಗಾರೆ ಕೆಲಸ ಉಳಿದಿದೆ’. ರಾಮನಗರ, ಕೋಲಾರದ ಕಡೆ ರೇಷ್ಮೆ ಸಾಕುವವರ ಮಾತು ಕೇಳಿ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ಅಲ್ಲಾಡದೆ ಮಲಗುತ್ತದಲ್ಲ, ಅದಕ್ಕೆ ಅವರು ‘ಜ್ವರ’ ಅನ್ನುತ್ತಾರೆ. ‘ಎರಡನೇ ಜ್ವರಕ್ಕೆ ಹೋಗಿದೆ’, ‘ನಾಲ್ಕನೇ ಜ್ವರ ಎದ್ದಿದೆ’. ಗೂಡು ಕಟ್ಟುವ ಹೊತ್ತಾದರೆ ‘ಹುಳು ಹಣ್ಣಾಯಿತು’. ಇಷ್ಟು ಹೇಳಿದರೆ ಸಾಕು, ಎಷ್ಟು ದಿನ ಆಯಿತು, ಇನ್ನೆಷ್ಟು ದಿನ ಬಾಕಿ, ಸೊಪ್ಪು ಎಷ್ಟು ಬೇಕು, ಎಲ್ಲ ಕೇಳುವವನಿಗೆ ಗೊತ್ತಾಗುತ್ತದೆ. ಕೆಲಸದ ಪ್ರತಿ ಘಟ್ಟಕ್ಕೂ ಹೆಸರಿದ್ದರೆ ‘ಪ್ರಗತಿ’ ಎಂಬ ಮಾತೇ ಬೇಕಾಗುವುದಿಲ್ಲ.

ಹಾಗಾದರೆ ನಮ್ಮ ಕೆಲಸದ ಘಟ್ಟಗಳಿಗೆ ಹೆಸರು ಹುಡುಕೋಣ. ಕಿಟ್ಟಿನೊಳಗೆ ಬಿಡಿಭಾಗಗಳು ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಭಾಗವೂ ಚೌಕಟ್ಟೂ ಕೂಡುವ ಸಣ್ಣ ಕೊಂಡಿಗೆ ನಾನು ‘ತೊಟ್ಟು’ ಅಂತ ಬರೆಯುತ್ತಿದ್ದೇನೆ. ತೊಟ್ಟು ಕತ್ತರಿಸಬೇಕು, ಉಳಿದ ಮೊಟಕನ್ನು ಮರಳು ಕಾಗದದಲ್ಲಿ ಉಜ್ಜಬೇಕು. ಯಾರೂ ಇಲ್ಲಿಯವರೆಗೆ ಅರ್ಥ ಕೇಳಿಲ್ಲ. ವಿಮಾನದ ಮೈಯ ಎಡ ಬಲ ಹೋಳುಗಳನ್ನು ಅಂಟಿಸಿದರೆ ‘ಒಡಲು ಕೂಡಿತು’. ಒಂದು ಭಾಗ ಇನ್ನೊಂದಕ್ಕೆ ಸಂದಿಲ್ಲದೆ ಸೇರಿದರೆ ‘ಕೂತಿತು’. ಇದು ಬಡಗಿಯ ಮಾತೂ ಹೌದು, ದರ್ಜಿಯ ಮಾತೂ ಹೌದು. ‘ಬಲಗಡೆ ರೆಕ್ಕೆ ಸರಿಯಾಗಿ ಕೂರ್ತಿಲ್ಲ’ ಅಂತ ಬರೆದರೆ ನನ್ನ ಸಂಕಟ ಪೂರ್ತಿ ತಲುಪುತ್ತದೆ. ‘ಫಿಟ್ಟಿಂಗ್ ಸಮಸ್ಯೆ’ ಅಂದರೆ ಪ್ಲಂಬರನ್ನು ಕರೆಸಿ ಅನ್ನುತ್ತಾರೆ.

ಸಂದು ಮುಚ್ಚುವ ಪುಟ್ಟಿಯ ವಿಷಯಕ್ಕೆ ಬಂದಾಗ ಒಂದು ಪದ ಸಿಕ್ಕಿದೆ, ಅದನ್ನು ನಿಮ್ಮ ಮುಂದೆ ಇಡಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆಗಳು ಗೊತ್ತಲ್ಲ, ಆ ಚಿತ್ರಗಾರರು ಹಗುರ ಮರದಲ್ಲಿ ಭಾಗಗಳನ್ನು ಕೆತ್ತಿ ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಒಂದು ಮುದ್ದೆ ಮಾಡಿಕೊಳ್ಳುತ್ತಾರೆ. ಅದರ ಹೆಸರು ‘ಕಿಟ್ಟ’. ಬೇರೆ ಕಡೆ ಕಿಟ್ಟ ಅಂದರೆ ಕಬ್ಬಿಣ ಕಾಸಿದಾಗ ಉಳಿಯುವ ಕಸ, ದೀಪದ ತಳದಲ್ಲಿ ಕೂರುವ ಜಿಡ್ಡು. ಕಿನ್ನಾಳದಲ್ಲಿ ಅದೇ ಪದ ಒಂದು ಕಸುಬಿನ ಸಾಮಗ್ರಿ. ಟ್ಯೂಬಿನಲ್ಲಿ ಬರುವ ನಮ್ಮ ಪುಟ್ಟಿಗೂ ಕಿಟ್ಟ ಅನ್ನಬಹುದಾ? ನನಗಂತೂ ಆಸೆಯಿದೆ. ಆದರೆ ‘ಕಿಟ್ಟಿಗೆ ಕಿಟ್ಟ ಮೆತ್ತಿದೆ’ ಅಂತ ಬರೆಯಬೇಕಾಗಿ ಬಂದರೆ ನಗು ಬರುತ್ತದೆ. ಅದಕ್ಕೆ ನೀವೇ ಪರಿಹಾರ ಹೇಳಿ.

ದೊಡ್ಡ ಜಗಳ ಇರುವುದು ‘ವೆದರಿಂಗ್’ ಎಂಬ ಪದದಲ್ಲಿ. ಬಣ್ಣ ಎಲ್ಲ ಮುಗಿದ ಮೇಲೆ ಮಾದರಿ ಹೊಸ ಸ್ಟೀಲ್ ಲೋಟದ ಹಾಗೆ ಫಳಫಳ ಅನ್ನುತ್ತಿರುತ್ತದೆ. ಬಿಸಿಲು ಮಳೆ ಕಂಡ, ಹಾರಿ ಇಳಿದ ವಿಮಾನದಂತೆ ಕಾಣಲಿ ಅಂತ ಅದನ್ನು ಬೇಕೆಂದೇ ಮಾಸಲು ಮಾಡುತ್ತೇವೆ. ಭೂಗೋಳದ ಪಠ್ಯದಲ್ಲಿ ಇದಕ್ಕೆ ‘ಶಿಥಿಲೀಕರಣ’ ಅನ್ನುತ್ತಾರೆ. ಬಂಡೆಗೆ ಸರಿ. ‘ನಿನ್ನೆ ಮಾರುತ್‌ನ ಶಿಥಿಲೀಕರಣ ಮುಗಿಸಿದೆ’ ಅಂದರೆ ನಗರಪಾಲಿಕೆಯವರು ನೋಟಿಸ್ ಅಂಟಿಸಿಬಿಟ್ಟಾರು. ‘ಹಳತು ಮಾಡುವುದು’ ಅಂತ ಒಬ್ಬ ಗೆಳೆಯರು ಸೂಚಿಸಿದರು. ಕೆಲಸಕ್ಕೆ ಬರುತ್ತದೆ, ಆದರೆ ಎಲ್ಲವನ್ನೂ ಒಂದೇ ಪದಕ್ಕೆ ತುಂಬಿಬಿಡುತ್ತದೆ.

ಯಾಕೆ ಹೀಗೆ ಹೇಳುತ್ತೇನೆಂದರೆ, ಮಾರುತ್‌ನ ಮೂತಿಯಲ್ಲಿ 30 ಮಿಲಿಮೀಟರಿನ ನಾಲ್ಕು ಏಡನ್ ಫಿರಂಗಿಗಳಿವೆ. ಅವುಗಳ ಬಾಯಿಯ ಹತ್ತಿರ ಹಚ್ಚುವುದು ಮಸಿ. ಹಿಂಭಾಗದಲ್ಲಿ ಎರಡು ಆರ್ಫಿಯಸ್ ಎಂಜಿನ್‌ಗಳ ಬಾಲದ ಕಡೆ ಬರುವುದು ಹೊಗೆ ಕಲೆ, ಕಾವಿಗೆ ನೀಲಿ ತಿರುಗಿದ ಲೋಹ. ಗಾಲಿಯ ಕಂಬದ ಸುತ್ತ ಜಿಡ್ಡು. ಕಾಕ್‌ಪಿಟ್ ಪಕ್ಕ ಕಾಲಿಟ್ಟು ಹತ್ತುವಲ್ಲಿ ಬಣ್ಣ ಸವೆದಿರಬೇಕು. ರೆಕ್ಕೆಯ ಮೇಲ್ಭಾಗ ಬಿಸಿಲಿಗೆ ಬಿಳಿಚಿಕೊಂಡಿರಬೇಕು. ಅಲ್ಯೂಮಿನಿಯಂ ಮೈಗೆ ಕೆಂಪು ತುಕ್ಕು ಬರೆದರೆ ತಿಳಿದವರು ನಗುತ್ತಾರೆ, ಕಿಲುಬು ಹಿಡಿಯಲು ಅದು ತಾಮ್ರವೂ ಅಲ್ಲ. ನೋಡಿ, ಮಸಿ, ಕಲೆ, ಜಿಡ್ಡು, ಸವೆತ, ಬಿಳಿಚು, ತುಕ್ಕು, ಕಿಲುಬು: ಪಾತ್ರೆ ತೊಳೆಯುವವರ ಬಾಯಲ್ಲಿ ಇರುವ ಪದಗಳೇ ಇಲ್ಲಿ ಒಂದೊಂದೂ ಬೇರೆ ಬೇರೆ ಬ್ರಷ್ ಕೆಲಸ. ಅದಕ್ಕೇ ನಾನು ಒಟ್ಟು ಕೆಲಸಕ್ಕೆ ‘ಮಾಸಲು ಕೆಲಸ’ ಅಂತಿಟ್ಟು, ಒಳಗೆ ಆಯಾ ಪದವನ್ನೇ ಬಳಸಬೇಕು ಅಂದುಕೊಂಡಿದ್ದೇನೆ. ಎಚ್‌ಎಎಲ್ ವಸ್ತುಸಂಗ್ರಹಾಲಯದ ಮಾರುತ್ ನೋಡಿ ಬಣ್ಣ ಹೊಡೆಯುವವರಿಗೆ ಸುಮ್ನೆ ಒಂದು ಮಾತು: ಅದು ಪ್ರದರ್ಶನಕ್ಕೆ ನಿಂತ ವಿಮಾನ. ಅದರ ಮೈ ನೋಡಿ ಸೇವೆಯಲ್ಲಿದ್ದಾಗಿನ ಸವೆತ ಊಹಿಸಬೇಡಿ.

‘ಮಾದರಿ’ ಎಂಬ ಪದಕ್ಕೂ ಒಬ್ಬರು ತಕರಾರು ತೆಗೆದಿದ್ದಾರೆ. ಮಾದರಿ ಶಾಲೆ, ಮಾದರಿ ನೀತಿ ಸಂಹಿತೆ, ಮಾದರಿ ಪ್ರಶ್ನೆಪತ್ರಿಕೆ, ಇವೆಲ್ಲ ಮೊದಲು ಬಂದು ಉಳಿದವರಿಗೆ ದಾರಿ ತೋರಿಸುವಂಥವು. ನಿಮ್ಮ ಪ್ಲಾಸ್ಟಿಕ್ ವಿಮಾನ ನಿಜವಾದದ್ದರ ಹಿಂದೆ ಬಂದದ್ದು, ಆದ್ದರಿಂದ ‘ಪ್ರತಿಕೃತಿ’ ಅನ್ನಿ ಎನ್ನುವುದು ಅವರ ವಾದ. ವಾದದಲ್ಲಿ ಹುರುಳಿದೆ. ಮಾರುತ್ ಲೋಹದಲ್ಲಿ ತಯಾರಾಗುವ ಮುಂಚೆ ಅದೇ ಅಳತೆಯ ಮರದ ಗ್ಲೈಡರ್ ಕಟ್ಟಿ, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಸಿ, 1959ರಲ್ಲಿ ಹಾರಿಸಿ ನೋಡಿದ್ದರು. ತಕರಾರು ತೆಗೆದವರ ಲೆಕ್ಕದಲ್ಲಿ ಅಚ್ಚುಕಟ್ಟಾದ ‘ಮಾದರಿ’ ಆ ಗ್ಲೈಡರೇ. ಆದರೆ ಪ್ರತಿಕೃತಿ ಪದಕ್ಕೆ ಪತ್ರಿಕೆಗಳು ಸೀಮೆಎಣ್ಣೆ ಸುರಿದು ಬಹಳ ಕಾಲವಾಯಿತು. ವೃತ್ತದಲ್ಲಿ ದಹಿಸುವುದಕ್ಕಲ್ಲದೆ ಬೇರೆ ಯಾವುದಕ್ಕೆ ಆ ಪದ ಓದಿದ್ದೀರಿ? ‘ಪಡಿಯಚ್ಚು’ ಚಂದದ ಪದ, ಆದರೆ ‘ಅಪ್ಪನ ಪಡಿಯಚ್ಚು’ ಅನ್ನುವುದನ್ನು ಬಿಟ್ಟು ಹೊರಗೆ ಬರುತ್ತಿಲ್ಲ. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಥರ್ಮಾಕೋಲ್ ಜ್ವಾಲಾಮುಖಿ ಮಾಡಿದ ಮಕ್ಕಳಿಗೆಲ್ಲ ‘ಮಾದರಿ’ ಗೊತ್ತು. ಅದೇ ಇರಲಿ ಎಂಬುದು ನನ್ನ ಮಾತು. ಮನೆಯವರು ‘ಬೊಂಬೆ’ ಅನ್ನುತ್ತಾರೆ, ಅದಕ್ಕೂ ನನ್ನ ಆಕ್ಷೇಪವಿಲ್ಲ.

ನನ್ನ ಮಾದರಿಯ ಅಳತೆ 1/72, ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲು. ಇದನ್ನು ಬಾಯಲ್ಲಿ ಹೇಗೆ ಹೇಳುತ್ತೀರಿ? ‘ಒನ್ ಸೆವೆಂಟಿಟೂ’ ಅಂತಲೇ ಎಲ್ಲರೂ. ಈ ವಿಚಿತ್ರ ಸಂಖ್ಯೆಯ ಹಿಂದಿನ ಲೆಕ್ಕ ಸರಳ: ಆರು ಅಡಿಗೆ ಒಂದು ಇಂಚು. ಅಂದರೆ ಆರಡಿ ಆಳು ಒಂದಿಂಚಿಗೆ ಇಳಿಯುತ್ತಾನೆ. ಬಾವಿಯ ಆಳವನ್ನು ‘ಮೂರಾಳು’ ಅಂತ ಅಳೆಯುವ ಭಾಷೆ ನಮ್ಮದು. ‘ಆಳಿಗೊಂದಿಂಚು’ ಅಂದರೆ ಹೇಗೆ? 15.87 ಮೀಟರ್ ಉದ್ದದ ಮಾರುತ್ ಈ ಅಳತೆಯಲ್ಲಿ 22 ಸೆಂಟಿಮೀಟರ್ ಆಗುತ್ತದೆ, ಹತ್ತಿರ ಹತ್ತಿರ ಒಂದು ಗೇಣು. ರೆಕ್ಕೆ ತುದಿಯಿಂದ ತುದಿಗೆ 12.5 ಸೆಂಟಿಮೀಟರ್. ‘ಗೇಣುದ್ದದ ಮಾರುತ್’ ಅಂದಾಗ ಓದುಗರಿಗೆ ಗಾತ್ರ ಕೈಗೇ ಸಿಗುತ್ತದೆ.

ಇನ್ನು ನಿಂತುಹೋದ ಕೆಲಸ. ಈ ಹವ್ಯಾಸದಲ್ಲಿ ಮುಗಿದದ್ದಕ್ಕಿಂತ ಅರ್ಧಕ್ಕೆ ಬಿಟ್ಟದ್ದೇ ಜಾಸ್ತಿ ಅಂತ ಎಲ್ಲರೂ ಒಪ್ಪುತ್ತಾರೆ. ಇದಕ್ಕೆ ಮಾತ್ರ ಕನ್ನಡದಲ್ಲಿ ಬರವಿಲ್ಲ. ಸ್ವಲ್ಪ ದಿನ ಕೈಬಿಟ್ಟರೆ ‘ಮೂಲೆ ಸೇರಿತು’. ಮತ್ತೆ ಮುಟ್ಟುವ ಆಸೆಯೂ ಹೋದರೆ ‘ಅಟ್ಟ ಸೇರಿತು’. ಮಾಡಬೇಕು ಅಂತ ಮನಸ್ಸು ಕೊರೆಯುತ್ತಲೇ ಇದ್ದು, ಕೈಗೆ ಹತ್ತದಿದ್ದರೆ ‘ನೆನೆಗುದಿಗೆ ಬಿತ್ತು’. ನೆನೆ, ಕುದಿ ಎರಡೂ ಸೇರಿದ ಪದ ಅಂತ ನಾನು ಓದಿಕೊಳ್ಳುತ್ತೇನೆ. ನೀರಾವರಿ ಯೋಜನೆಗಳಿಗಿಂತ ನನ್ನ ಪೆಟ್ಟಿಗೆಯಲ್ಲಿರುವ ಕಾಲಿಲ್ಲದ ಹೆಲಿಕಾಪ್ಟರಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ಮತ್ತೆ ‘ಅಪ್‌ಡೇಟ್’ಗೆ. ಕೆಲಸ ಎಲ್ಲಿಗೆ ಬಂತು ಅನ್ನುವುದನ್ನು ಕ್ರಿಯಾಪದ ನೋಡಿಕೊಂಡರೆ, ನಾಮಪದ ಬೇಕಾಗುವುದು ಹಾಕುವ ಬರಹಕ್ಕೆ ಮಾತ್ರ. ಅದಕ್ಕೆ ‘ಕಂತು’ ಸಾಕು ಅನ್ನಿಸುತ್ತದೆ. ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದವರಿಗೆ ವಿವರಣೆ ಬೇಡ. ಸಾಲದ ಕಂತು ನೆನಪಾಗುತ್ತದೆ ಅಂತ ಒಬ್ಬರು ಗೊಣಗಿದರು. ಆಗಲಿ, ಅದೂ ತಪ್ಪದೆ ಬರುತ್ತಿರಬೇಕು, ಇದೂ ತಪ್ಪದೆ ಬರುತ್ತಿರಬೇಕು. ತಲೆಬರಹ ಹೀಗಾಗುತ್ತದೆ: ‘ಗೇಣುದ್ದದ ಮಾರುತ್, ನಾಲ್ಕನೇ ಕಂತು: ಒಡಲು ಕೂಡಿತು, ರೆಕ್ಕೆ ಕೂರಬೇಕು’. ಕೊನೆಗೆ ಹಳೇ ರೂಢಿಯಂತೆ ‘ಸಶೇಷ’ ಅಂತ ಹಾಕಿದರೆ ಜಂಬ ಜಾಸ್ತಿಯಾಯಿತೇನೋ, ‘ಮುಂದುವರಿಯುವುದು’ ಅಂದರೆ ಸಾಕು.

ಕೇಳಬೇಕಾದದ್ದು ಇನ್ನೊಂದಿದೆ. ಬಣ್ಣಕ್ಕೆ ಮುಂಚೆ ಹೊಡೆಯುವ ಪ್ರೈಮರ್‌ಗೆ ನನ್ನ ಹತ್ತಿರ ಒಳ್ಳೆಯ ಪದವಿಲ್ಲ. ಕಿನ್ನಾಳದವರು ಜೋಡಿಸಿದ ಮರದ ಮೇಲೆ ಹತ್ತಿ ಅಂಟಿಸಿ, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣಕ್ಕೆ ಕೈ ಹಾಕುತ್ತಾರೆ. ಆ ತಳದ ಲೇಪಕ್ಕೆ ಅವರ ಬಾಯಲ್ಲಿ ಏನು ಹೆಸರು? ಕೊಪ್ಪಳ, ಗಂಗಾವತಿ ಕಡೆಯವರು ಯಾರಾದರೂ ವಿಚಾರಿಸಿ ತಿಳಿಸುತ್ತೀರಾ? ಕರಾವಳಿಯಲ್ಲಿ ದೋಣಿ, ತೇರು ಕಟ್ಟುವವರ ಬಳಿ ಬೇರೆ ಪದವಿದ್ದರೆ ಅದೂ ಬರಲಿ. ರೆಕ್ಕೆ ಕೂತ ಮೇಲೆ ನನ್ನ ಮುಂದಿನ ಕೆಲಸ ಅದೇ. ಅಷ್ಟರೊಳಗೆ ಸಿಕ್ಕರೆ ಐದನೇ ಕಂತಿನಲ್ಲೇ ಬಳಸುತ್ತೇನೆ.